ಒಂದೂವರೆ ಚೋಟಿನ ಊಟದ ಕಡ್ಡಿ

ಚೋಟು ಎಂದರೆ ಎಷ್ಟೆಂದು ಗೊತ್ತಲ್ಲ? ಹೆಬ್ಬೆರಳು, ತೋರುಬೆರಳು ಎರಡನ್ನೂ ಚಾಚಿದಾಗ ಅವುಗಳ ತುದಿಯಿಂದ ತುದಿಗೆ ಇರುವ ಉದ್ದ. ‘ಚೋಟುದ್ದ ಇದ್ದಾಳೆ, ಮಾತು ನೋಡು’ ಎಂದು ಮಕ್ಕಳನ್ನು ಗದರುವಾಗ ನಾವು ಬಳಸುವುದು ಇದೇ ಅಳತೆಯನ್ನು. ಜಪಾನಿನಲ್ಲೂ ಈ ಅಳತೆ ಇದೆ. ಅಲ್ಲಿ ಅದರ ಹೆಸರು ‘ಅತ’. ಇವತ್ತು ಅದನ್ನು ಹೆಚ್ಚಾಗಿ ನೆನೆಯುವುದು ಊಟದ ಕಡ್ಡಿ ಕೊಳ್ಳುವಾಗ. ಯಾರ ಕೈಗೆ ಎಷ್ಟುದ್ದದ ಕಡ್ಡಿ ಸರಿ ಎಂದು ಕೇಳಿದರೆ ಹಿರಿಯರು ಹೇಳುವ ಉತ್ತರ ಒಂದೇ: ಅವರವರ ಕೈಯಲ್ಲಿ ಒಂದೂವರೆ ಅತ. ನಮ್ಮ ಲೆಕ್ಕದಲ್ಲಿ ಒಂದೂವರೆ ಚೋಟು!

ನಾವಿರುವುದು ಟೋಕಿಯೊದ ಎದೊಗಾವ ವಾರ್ಡಿನ ನಿಶಿಕಸಾಯ್‌ನಲ್ಲಿ. ಭಾರತದಿಂದ ಕೆಲಸಕ್ಕೆ ಬಂದ ಕುಟುಂಬಗಳು ಬಹಳ ಇರುವ ಜಾಗ. ತೊಗರಿಬೇಳೆ, ಹುಣಸೆಹಣ್ಣಿಗೆ ಇಲ್ಲಿ ತೊಂದರೆಯಿಲ್ಲ. ಮಗಳು ಮಾತ್ರ ಹೋಗುವುದು ಜಪಾನಿ ಮಕ್ಕಳ ಶಿಶುವಿಹಾರಕ್ಕೆ. ಅವಳಿಗೆ ಐದು ತುಂಬುವ ಹೊತ್ತಿಗೆ ಅಲ್ಲಿಂದ ಒಂದು ಸೂಚನೆ ಬಂತು. ಫೋರ್ಕ್, ಚಮಚದ ಜೊತೆಗೆ ಇನ್ನುಮೇಲೆ ‘ಹಶಿ’ಯನ್ನೂ ಡಬ್ಬಿಯಲ್ಲಿಟ್ಟು ಕಳಿಸಿ ಎಂದು. ಹಶಿ ಎಂದರೆ ಜಪಾನಿ ಭಾಷೆಯಲ್ಲಿ ಚಾಪ್‌ಸ್ಟಿಕ್. ಮಗಳ ಪುಟ್ಟ ಕೈಯ ಒಂದೂವರೆ ಚೋಟು 16 ಸೆಂಟಿಮೀಟರ್ ಆಯಿತು. ಕೆಂಪು ಬಣ್ಣದ, ಮೊಲದ ಚಿತ್ರವಿದ್ದ ಜೋಡಿಯೊಂದನ್ನು ಅವಳೇ ಆರಿಸಿಕೊಂಡಳು.

ಆ ಎರಡು ಕಡ್ಡಿ ನಮ್ಮ ಮನೆಯಲ್ಲಿ ಅಷ್ಟೊಂದು ಮಾತು ಎಬ್ಬಿಸೀತೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಒಲೆಯಿಂದ ಊಟಕ್ಕೆ

ಊಟದ ಕಡ್ಡಿಯ ತವರು ಚೀನಾ. ಅಲ್ಲಿನ ಹೆನಾನ್ ಪ್ರಾಂತ್ಯದ ಆನ್ಯಾಂಗ್ ಬಳಿ, ಶಾಂಗ್ ಅರಸರ ರಾಜಧಾನಿ ಇದ್ದ ಜಾಗದ ಉತ್ಖನನದಲ್ಲಿ ಕಂಚಿನ ಕಡ್ಡಿಗಳು ಸಿಕ್ಕಿವೆ. ಅವು 3,000 ವರ್ಷಕ್ಕೂ ಹಿಂದಿನವು. ಮೊದಮೊದಲು ಅವುಗಳ ಕೆಲಸ ಇದ್ದದ್ದು ಅಡುಗೆಮನೆಯಲ್ಲಿ: ಕುದಿಯುವ ಪಾತ್ರೆಯಿಂದ ತುಂಡು ಎತ್ತುವುದು, ಒಲೆಯ ಮೇಲಿನದನ್ನು ಕದಡುವುದು. ಊಟಕ್ಕೆ ಕೂತಾಗ ಎಲ್ಲರೂ ಕಡ್ಡಿ ಹಿಡಿಯುವ ರೂಢಿ ಬಂದದ್ದು ಆಮೇಲೆ ನಿಧಾನವಾಗಿ.

ಇದಕ್ಕೆ ಅಡುಗೆಯ ಕ್ರಮವೂ ಹೊಂದಿಕೊಂಡಿತು. ತರಕಾರಿ, ಮಾಂಸ ಎಲ್ಲವನ್ನೂ ಮೊದಲೇ ಸಣ್ಣಗೆ ಹೆಚ್ಚಿ ಬೇಯಿಸುವುದರಿಂದ ಊಟದ ಹೊತ್ತಿನಲ್ಲಿ ಚಾಕು ಬೇಕಾಗುವುದಿಲ್ಲ. ಯೋಚಿಸಿದರೆ ನಮ್ಮದೂ ಹಾಗೆಯೇ ಅಲ್ಲವೇ? ಈಳಿಗೆಮಣೆಯ ಕೆಲಸ ಅಡುಗೆಮನೆಯಲ್ಲೇ ಮುಗಿದಿರುತ್ತದೆ. ಎಲೆಯ ಮುಂದೆ ಕೂತವರು ಹೆಚ್ಚುವುದು, ಕೊಯ್ಯುವುದು ಏನೂ ಇರುವುದಿಲ್ಲ.

ಕಡ್ಡಿಯಲ್ಲಿ ಉಣ್ಣುವವರೆಲ್ಲರ ಕಡ್ಡಿಯೂ ಒಂದೇ ಥರವಲ್ಲ. ಚೀನಾದ್ದು ಉದ್ದ, ತುದಿ ಮೊಂಡು. ನಡುವೆ ಇಟ್ಟ ದೊಡ್ಡ ತಟ್ಟೆಗಳಿಂದ ಎಲ್ಲರೂ ಎತ್ತಿಕೊಳ್ಳುವುದರಿಂದ ಉದ್ದ ಬೇಕು. ಕೊರಿಯಾದ್ದು ಲೋಹದ್ದು, ಚಪ್ಪಟೆ. ಅಲ್ಲಿ ಅನ್ನಕ್ಕೆ, ಸಾರಿಗೆ ಚಮಚ, ಪಲ್ಯದಂಥವಕ್ಕೆ ಕಡ್ಡಿ. ಜಪಾನಿನದು ಗಿಡ್ಡ, ತುದಿ ಚೂಪು. ಮೀನಿನ ಮುಳ್ಳು ಬಿಡಿಸಲು ಅನುಕೂಲ. ಜಪಾನಿನಲ್ಲಿ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದು ಉಣ್ಣುವುದು ಮರ್ಯಾದೆ. ಕೊರಿಯಾದಲ್ಲಿ ಬಟ್ಟಲನ್ನು ಎತ್ತದೇ ಇರುವುದು ಮರ್ಯಾದೆ.

ಒಂದು ಕಡ್ಡಿ ಕದಲುವುದಿಲ್ಲ

ಶಿಶುವಿಹಾರದ ಶಿಕ್ಷಕಿ ನನಗೆ ಹೇಳಿದ ಮೊದಲ ಮಾತು, ‘ಅವಸರ ಬೇಡ’. ಮಗು ಚಮಚವನ್ನು ಮುಷ್ಟಿಯಲ್ಲಿ ಹಿಡಿಯುವುದು ಬಿಟ್ಟು, ಪೆನ್ಸಿಲಿನಂತೆ ಮೂರು ಬೆರಳಲ್ಲಿ ಹಿಡಿಯತೊಡಗಿದರೆ ಹಶಿಗೆ ಕೈ ಸಿದ್ಧವಾಗಿದೆ ಎಂದರ್ಥ.

ಫೋರ್ಕಿನಲ್ಲಿ ಚುಚ್ಚಿದರಾಯಿತು. ಹಶಿಯಲ್ಲಿ ಹಾಗಲ್ಲ. ಎರಡು ಕಡ್ಡಿಯನ್ನೂ ಒಟ್ಟಿಗೆ ಆಡಿಸಲು ಹೋದರೆ ಅವು ಕತ್ತರಿಯಂತೆ ಅಡ್ಡಡ್ಡ ಆಗುತ್ತವೆ. ಗುಟ್ಟು ಏನೆಂದರೆ, ಕೆಳಗಿನ ಕಡ್ಡಿ ಕದಲಲೇಬಾರದು. ಅದು ಹೆಬ್ಬೆರಳಿನ ಬುಡದ ಸಂದಿಯಲ್ಲಿ ಕೂತು, ಉಂಗುರದ ಬೆರಳಿನ ಮೇಲೆ ಒರಗಿ ಸುಮ್ಮನಿರುತ್ತದೆ. ಮೇಲಿನದು ಮಾತ್ರ ಏಳುತ್ತದೆ, ಇಳಿಯುತ್ತದೆ.

ವಿಜ್ಞಾನದ ಪಾಠದಲ್ಲಿ ಸನ್ನೆಗಳ ಬಗ್ಗೆ ಓದಿದ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾದೀತು. ಆಧಾರ ಒಂದು ತುದಿಯಲ್ಲಿ, ಹೊರೆ ಇನ್ನೊಂದು ತುದಿಯಲ್ಲಿ, ಬಲ ನಡುವೆ. ಅಂದರೆ ಮೂರನೇ ದರ್ಜೆಯ ಸನ್ನೆ. ಚಿಮಟವೂ ಇದೇ ಜಾತಿ. ಇದರಲ್ಲಿ ಬೆರಳು ಸ್ವಲ್ಪ ಆಡಿದರೆ ತುದಿ ಹೆಚ್ಚು ಆಡುತ್ತದೆ, ಆದರೆ ಒತ್ತುವ ಶಕ್ತಿ ಕಡಿಮೆ. ಅದಕ್ಕೇ ಹಶಿಯಲ್ಲಿ ಮೆತ್ತಗಿನ ತೋಫುವನ್ನೂ ಒಡೆಯದಂತೆ ಎತ್ತಬಹುದು.

ಅಂಗಡಿಗಳಲ್ಲಿ ಬೆರಳು ತೂರಿಸುವ ಉಂಗುರಗಳಿರುವ ಕಲಿಕೆಯ ಹಶಿಗಳೂ ಸಿಗುತ್ತವೆ. ಮಗಳು ಒಂದು ತಿಂಗಳು ಅದನ್ನು ಬಳಸಿ, ಆಮೇಲೆ ಮೊಲದ ಹಶಿಗೆ ಬಂದಳು. ತರಕಾರಿ ತುಂಡು ಬಂತು, ಅನ್ನದ ಮುದ್ದೆ ಬಂತು. ಅಷ್ಟರಲ್ಲಿ 90 ದಿನದ ವೀಸಾದಲ್ಲಿ ಹಾಸನದಿಂದ ನನ್ನ ಅಮ್ಮ ಬಂದರು.

‘ಕಿತನೈ’

ಬಂದ ಎರಡನೇ ವಾರ, ಭಾನುವಾರ ಮಧ್ಯಾಹ್ನ ಮಗಳ ಇಬ್ಬರು ಗೆಳತಿಯರು ಆಡಲು ಬಂದಿದ್ದರು. ಅಮ್ಮ ಊಟಕ್ಕೆ ಕೂತು ಸಾರನ್ನ ಕಲೆಸುತ್ತಿದ್ದರು. ಮಕ್ಕಳಿಬ್ಬರೂ ಕಣ್ಣರಳಿಸಿ ನೋಡಿದರು. ಅವರಲ್ಲೊಬ್ಬಳು, ‘ಕೈಯಲ್ಲಿ ಯಾಕೆ ತಿನ್ನುತ್ತಾರೆ?’ ಎಂದು ಸಹಜವಾಗಿ ಕೇಳಿದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ನನ್ನ ಮಗಳ ಮುಖ ಸಣ್ಣದಾಯಿತು. ಗೆಳತಿಯರು ಹೋದ ಮೇಲೆ ಅಜ್ಜಿಯ ಬಳಿ ನಿಂತು, ‘ಅಜ್ಜಿ, ನೀನು ಕೈಯಲ್ಲಿ ತಿನ್ಬೇಡ. ಕಿತನೈ’ ಎಂದಳು.

ಕಿತನೈ ಎಂದರೆ ಗಲೀಜು. ಅಮ್ಮನಿಗೆ ಜಪಾನಿ ಬಾರದು. ಆದರೆ ಮೊಮ್ಮಗಳು ಮೂಗು ಸುಕ್ಕಿಸಿದ ರೀತಿಯಲ್ಲೇ ಅರ್ಥವಾಗಿತ್ತು. ಏನೂ ಹೇಳಲಿಲ್ಲ. ಆ ರಾತ್ರಿ, ಮರುದಿನ ರಾತ್ರಿ, ‘ನನಗೆ ಹಸಿವಿಲ್ಲ, ಆಮೇಲೆ ಉಣ್ತೀನಿ’ ಎಂದು ಮಗು ಮಲಗಿದ ಮೇಲೆ ಒಬ್ಬರೇ ಅಡುಗೆಮನೆಯಲ್ಲಿ ಉಂಡರು. ಮಗಳ ಮನೆಗೆ ಬಂದ ತಾಯಿ ಹೀಗೆ ಕದ್ದು ಉಣ್ಣುವುದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಮಗುವನ್ನು ಗದರಿದ್ದರೆ ‘ಸಾರಿ’ ಹೇಳಿಸಬಹುದಿತ್ತು, ನಾಚಿಕೆ ಹೋಗುತ್ತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವಳ ಇಷ್ಟದ ಒನಿಗಿರಿ ಮಾಡಿಕೊಟ್ಟೆ. ಅನ್ನವನ್ನು ತ್ರಿಕೋನವಾಗಿ ಅದುಮಿ, ಕಡಲಪಾಚಿಯ ಹಾಳೆ ಸುತ್ತಿದ ಉಂಡೆ. ಅವಳು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದಾಗ ಕೇಳಿದೆ, ‘ಇದನ್ನು ಹಶಿಯಲ್ಲಿ ಯಾಕೆ ತಿನ್ನಲ್ಲ ಪುಟ್ಟಿ?’

‘ಒನಿಗಿರಿ ಕೈಯಲ್ಲೇ ತಿನ್ನೋದು ಅಮ್ಮ!’

‘ಅದು ಕಿತನೈ ಅಲ್ವಾ?’

‘ಕೈ ತೊಳ್ಕೊಂಡಿದೀನಲ್ಲ!’

‘ಅಜ್ಜಿನೂ ತೊಳ್ಕೊಂಡೇ ಕೂತ್ಕೊಳ್ಳೋದು.’

ಅವಳು ಸುಮ್ಮನಾದಳು. ಜಪಾನಿನಲ್ಲಿ ನಿಗಿರಿ ಸುಶಿಯನ್ನೂ ಕೈಯಲ್ಲಿ ತಿನ್ನುವುದು ಒಪ್ಪಿತವಾದ ಹಳೆಯ ಪದ್ಧತಿ. ಹೋಟೆಲುಗಳಲ್ಲಿ ಊಟಕ್ಕೆ ಮೊದಲು ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಕೊಡುತ್ತಾರೆ. ಯಾವುದನ್ನು ಯಾವುದರಲ್ಲಿ ತಿನ್ನಬೇಕೆಂಬುದು ಆ ತಿನಿಸಿಗೆ ಬಿಟ್ಟ ವಿಚಾರ.

ಕಡ್ಡಿಗೆ ಕೈ, ಕೈಗೆ ಕಡ್ಡಿ

ಆ ಸಂಜೆ ಅಮ್ಮನೇ ಮುಂದಾದರು. ‘ಬಾರೇ ಪುಟ್ಟಿ, ಅದೇನೋ ಸ್ವೆಟರ್ ಹೆಣೆಯೋ ಕಡ್ಡಿ ಥರ ಇದೆಯಲ್ಲ, ನನಗೂ ಕಲಿಸು’ ಎಂದರು. ಅದರ ಹೆಸರು ಹಶಿ ಎಂದಳು ಮಗಳು. ‘ಸರಿ ಬಿಡು. ಹಸಿದವರಿಗೆ ಹಶಿ!’

ಅಮ್ಮ ಊರಿಂದ ಅಳಗುಳಿಮಣೆ ತಂದಿದ್ದರು. ಏಳೇಳು ಗುಳಿಗಳ ಎರಡು ಸಾಲು, ಆಡಲು ಹುಣಸೆಬೀಜ. ಜಪಾನಿನಲ್ಲಿ ಮಕ್ಕಳು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಾಳು ಸಾಗಿಸಿ ಹಶಿ ಕಲಿಯುವುದುಂಟು. ಅಮ್ಮ ಅದನ್ನೇ ಅಳಗುಳಿಗೆ ಹೊಂದಿಸಿದರು. ಕೈಯಿಂದ ಬೀಜ ಮುಟ್ಟುವ ಹಾಗಿಲ್ಲ, ಒಂದೊಂದನ್ನೂ ಹಶಿಯಲ್ಲೇ ಎತ್ತಿ ಗುಳಿಗೆ ಹಾಕಬೇಕು. ನುಣುಪಾದ ಹುಣಸೆಬೀಜ ಕಡ್ಡಿಯಿಂದ ಜಾರಿ ಮಂಚದ ಕೆಳಗೆಲ್ಲ ಹಾರುತ್ತಿತ್ತು. ಮೊದಲ ದಿನ ಒಂದು ಆಟ ಮುಗಿಯಲಿಲ್ಲ. ಮೂರು ವಾರದಲ್ಲಿ ಅಮ್ಮ ಹತ್ತರಲ್ಲಿ ಏಳನ್ನು ಎತ್ತುತ್ತಿದ್ದರು. ಮಗಳು ಹತ್ತಕ್ಕೆ ಹತ್ತು.

ಕಲಿಕೆ ಒಂದೇ ಕಡೆಯದಾಗಿರಲಿಲ್ಲ. ‘ನಿನ್ನ ಕಡ್ಡಿ ನಾನು ಕಲಿತೆ, ನನ್ನ ಕೈ ನೀನು ಕಲಿ’ ಎಂದರು ಅಮ್ಮ. ಅಲ್ಲಿಯವರೆಗೆ ಮಗಳು ಮನೆಯಲ್ಲೂ ಚಮಚದಲ್ಲೇ ಅನ್ನ ತಿನ್ನುತ್ತಿದ್ದಳು. ಅಂಗೈಗೆ ತಾಗದಂತೆ ಬೆರಳ ತುದಿಯಲ್ಲೇ ಕಲೆಸುವುದು, ಹಿಡಿಯಷ್ಟಲ್ಲ, ಬಾಯಿಗಾಗುವಷ್ಟೇ ತುತ್ತು ಮಾಡುವುದು, ಹೆಬ್ಬೆರಳಿಂದ ಒಳಗೆ ತಳ್ಳುವುದು. ಉಣ್ಣುವ ಕೈ ಎಂಜಲು, ಅದರಲ್ಲಿ ಬಡಿಸಬಾರದು. ‘ಇಷ್ಟೊಂದು ರೂಲ್ಸಾ!’ ಎಂದಳು ಮಗಳು. ಗಲೀಜು ಎಂದುಕೊಂಡದ್ದರಲ್ಲಿ ಇಷ್ಟು ಶಿಸ್ತು ಇದೆಯೆಂದು ಅವಳಿಗೆ ಗೊತ್ತಾದದ್ದು ಆವಾಗ.

ಬೇಡಗಳ ಪಟ್ಟಿ

ಹಶಿಗೂ ‘ಮಾಡಬಾರದ್ದು’ ಬಹಳ ಇವೆ. ಒಂದು ದಿನ ಅಮ್ಮ ನೀರು ಕುಡಿಯಲೆಂದು ಹಶಿಯನ್ನು ಅನ್ನದಲ್ಲಿ ನೆಟ್ಟಗೆ ಸಿಕ್ಕಿಸಿಟ್ಟರು. ಮಗಳು ಗಾಬರಿಯಾಗಿ, ‘ಅಜ್ಜಿ, ತೆಗಿ ತೆಗಿ! ಹಾಗೆ ಇಡ್ಬಾರ್ದು’ ಎಂದಳು. ಜಪಾನಿನಲ್ಲಿ ತೀರಿಕೊಂಡವರ ಮುಂದೆ ಇಡುವ ಅನ್ನಕ್ಕೆ ಹಾಗೆ ಹಶಿ ನೆಡುತ್ತಾರೆ. ಒಬ್ಬರ ಹಶಿಯಿಂದ ಇನ್ನೊಬ್ಬರ ಹಶಿಗೆ ತಿನಿಸು ದಾಟಿಸುವುದೂ ನಿಷಿದ್ಧ. ಶವಸಂಸ್ಕಾರದ ನಂತರ ಅಸ್ಥಿಯನ್ನು ಮನೆಯವರು ಕಡ್ಡಿಗಳಲ್ಲಿ ಎತ್ತಿ ಹಾಗೆ ದಾಟಿಸುತ್ತಾರೆ. ನಾನು ವಿವರಿಸುವ ಮೊದಲೇ ಅಮ್ಮನಿಗೆ ಹೊಳೆದಿತ್ತು. ‘ನಮ್ಮಲ್ಲಿ ಪಿಂಡ ಇಡೋದಿಲ್ವೇ, ಹಾಗೇ’ ಎಂದು ಹಶಿ ತೆಗೆದು ಅದರ ಪುಟ್ಟ ಆನಿಕೆಯ ಮೇಲೆ ಮಲಗಿಸಿದರು.

ಎಲ್ಲರ ತಟ್ಟೆಯಿಂದ ತನ್ನ ಹಶಿಯಲ್ಲೇ ಎತ್ತಿಕೊಳ್ಳುವುದೂ ಚೆನ್ನಲ್ಲ. ಅದಕ್ಕೆ ಬಡಿಸುವ ಹಶಿ ಬೇರೆ ಇರುತ್ತದೆ. ಜಪಾನಿನ ಮನೆಗಳಲ್ಲಿ ಹಶಿ, ಅನ್ನದ ಬಟ್ಟಲು ಒಬ್ಬೊಬ್ಬರಿಗೂ ಬೇರೆ ಬೇರೆ. ಎಂಜಲು ಎಂಬುದಕ್ಕೆ ಇಲ್ಲಿಯ ಅರ್ಥ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹುಟ್ಟಿ 100 ದಿನವಾಗುವ ಹೊತ್ತಿಗೆ ಜಪಾನಿ ಮಗುವಿಗೆ ಹಶಿಯಲ್ಲಿ ತಿನಿಸು ಎತ್ತಿ ತುಟಿಗೆ ಸೋಕಿಸುವ ಶಾಸ್ತ್ರವಿದೆ, ಹೆಸರು ‘ಒಕುಯಿಜೊಮೆ’. ‘ಅನ್ನಪ್ರಾಶನವೇ ಸರಿ’ ಎಂದರು.

ಅನ್ನದ ಗುಣ

ಹಾಗಾದರೆ ಸಾರನ್ನವನ್ನೂ ಹಶಿಯಲ್ಲಿ ತಿನ್ನಬಹುದೇ? ಮಗಳು ಪ್ರಯತ್ನಿಸಿದಳು. ಇಡ್ಲಿ ಹಶಿಯಲ್ಲಿ ಚೆನ್ನಾಗಿ ಮುರಿಯುತ್ತದೆ, ಬೀನ್ಸ್ ಪಲ್ಯ ಸಲೀಸು. ಸಾರನ್ನ ಮಾತ್ರ ಕಡ್ಡಿಗೆ ನಿಲ್ಲಲಿಲ್ಲ. ಕಾರಣ ಅಕ್ಕಿಯಲ್ಲಿದೆ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಅಂಶಗಳಿವೆ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ, ಹಾಗಾಗಿ ಬೆಂದಾಗ ಅಗುಳಿಗೆ ಅಗುಳು ಅಂಟಿ ಮುದ್ದೆಯಾಗಿ ಏಳುತ್ತದೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಹೆಚ್ಚು, ಅನ್ನ ಉದುರುದುರು. ಮೇಲೆ ಸಾರು ಬಿದ್ದರೆ ಬೆರಳೇ ಗತಿ. ರಾಗಿಮುದ್ದೆಯ ವಿಷಯ ಕೇಳಲೇಬೇಡಿ.

ಅಮ್ಮ ಊರಿಗೆ ಹೊರಡುವ ಹಿಂದಿನ ವಾರ ಆ ಇಬ್ಬರು ಗೆಳತಿಯರು ಮತ್ತೆ ಬಂದಿದ್ದರು. ಚಿತ್ರಾನ್ನ ಮಾಡಿದ್ದೆ. ಮಗಳು ಮೂವರಿಗೂ ಹಶಿ ಇಟ್ಟಳು. ಆಮೇಲೆ ಏನನ್ನಿಸಿತೋ, ತನ್ನದನ್ನು ಪಕ್ಕಕ್ಕಿಟ್ಟು ಕೈ ತೊಳೆದು ಬಂದು ಅಜ್ಜಿಯ ಪಕ್ಕ ಕೂತಳು. ‘ಇದಕ್ಕೂ ರೂಲ್ಸ್ ಇದೆ, ನೋಡಿ’ ಎಂದು ಗೆಳತಿಯರಿಗೆ ಜಪಾನಿಯಲ್ಲಿ ಹೇಳುತ್ತಾ ಪುಟ್ಟ ತುತ್ತು ಮಾಡಿ ತೋರಿಸಿದಳು. ಒಬ್ಬಳು ಕಲಿಯಲು ಕೈ ಚಾಚಿದಳು. ಇನ್ನೊಬ್ಬಳು ಹಶಿಯನ್ನೇ ಇಷ್ಟಪಟ್ಟಳು. ಅಮ್ಮ ಇಬ್ಬರಿಗೂ ಇನ್ನೊಂದಿಷ್ಟು ಬಡಿಸಿದರು, ಎಡಗೈಯಲ್ಲಿ ಸೌಟು ಹಿಡಿದು.

ಮಕ್ಕಳೇ, ನೀವೂ ಮಾಡಿ ನೋಡಿ

1. ನಿಮ್ಮ ಒಂದೂವರೆ ಚೋಟು ಅಳೆದುಕೊಳ್ಳಿ. ಅಷ್ಟುದ್ದದ ಎರಡು ನಯವಾದ ಬಿದಿರು ಕಡ್ಡಿ ಸಾಕು. ಸಿಬಿರು ಏಳದಂತೆ ದೊಡ್ಡವರ ಕೈಯಲ್ಲಿ ಉಜ್ಜಿಸಿಕೊಳ್ಳಿ.

2. ಒಂದು ಕಡ್ಡಿಯನ್ನು ಹೆಬ್ಬೆರಳ ಬುಡದಲ್ಲಿ ಸಿಕ್ಕಿಸಿ ಉಂಗುರದ ಬೆರಳಿಗೆ ಒರಗಿಸಿ. ಇದು ಅಲುಗಬಾರದು.

3. ಇನ್ನೊಂದನ್ನು ಪೆನ್ಸಿಲ್ ಹಿಡಿದಂತೆ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿಯಿರಿ. ಇದನ್ನು ಮಾತ್ರ ಆಡಿಸಿ.

4. ಎರಡರ ತುದಿಯೂ ಸಮ ಇರಲಿ.

5. ಮೊದಲು ಸ್ಪಂಜಿನ ತುಂಡು, ಆಮೇಲೆ ಬೇಯಿಸಿದ ಕ್ಯಾರೆಟ್, ಆಮೇಲೆ ಅವರೆಕಾಳು. ಹುಣಸೆಬೀಜ ಕೊನೆಯ ಪರೀಕ್ಷೆ.

6. ಕಡ್ಡಿ ಹಿಡಿದು ಓಡಬೇಡಿ, ಯಾರ ಕಡೆಗೂ ಚಾಚಬೇಡಿ.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಆಟಕ್ಕೆ ಕರೆಯಿರಿ. ಅವರು ಸೋತರೆ ನಗಬೇಡಿ. ಮುಂದಿನ ಸಲ ಅವರೇ ಗೆಲ್ಲಬಹುದು.