ಹಳೆಯ ಡಿಸ್ಕು, ಹೊಸ ಕನ್ಸೋಲು

ಗೇಮ್ ಕನ್ಸೋಲ್ ಕೊಳ್ಳುವಾಗ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ಸ್ಟೋರೇಜಿನ ಜಿಬಿ ಲೆಕ್ಕ. ಮನೆಯಲ್ಲಿರುವ ಹಳೆಯ ಆಟಗಳು ಅದರಲ್ಲಿ ನಡೆಯುತ್ತವೆಯೇ ಎಂಬುದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಹಳೆಯ ಆಟಗಳನ್ನು ನಡೆಸುವ ಸಾಮರ್ಥ್ಯಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎನ್ನುತ್ತಾರೆ. ಜಿಬಿಗೂ ಇದಕ್ಕೂ ಸಂಬಂಧವಿಲ್ಲ.

ಒಂದು ಉದಾಹರಣೆ ನೋಡೋಣ. ಹೈದರಾಬಾದ್‌ನಲ್ಲಿ ತಯಾರಾದ ಆಟ 'ಹನುಮಾನ್: ಬಾಯ್ ವಾರಿಯರ್' 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಆ ಡಿಸ್ಕನ್ನು ಇಂದಿನ ಪ್ಲೇಸ್ಟೇಷನ್ 5ಕ್ಕೆ ಹಾಕಿದರೆ ಆಟ ಶುರುವಾಗುವುದಿಲ್ಲ. ಡಿಸ್ಕು ಕೆಟ್ಟಿರುವುದಿಲ್ಲ, ಅದರಲ್ಲಿರುವ ಆದೇಶಗಳು ಬೇರೆ ಚಿಪ್‌ಗಾಗಿ ಬರೆದವು.

ಪ್ಲೇಸ್ಟೇಷನ್ 2ರಲ್ಲಿದ್ದ ಪ್ರೊಸೆಸರ್ 'ಎಮೋಷನ್ ಎಂಜಿನ್', ಪ್ಲೇಸ್ಟೇಷನ್ 3ರದು 'ಸೆಲ್'. ಇವುಗಳ ಆದೇಶಗಳೇ ಬೇರೆ. ಹಾಗಾಗಿ 2006ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 3ರ 20 ಜಿಬಿ, 60 ಜಿಬಿ ಮಾದರಿಗಳೊಳಗೆ ತಯಾರಕ ಕಂಪನಿ ಸೋನಿ ಪ್ಲೇಸ್ಟೇಷನ್ 2ರ ಚಿಪ್‌ಗಳನ್ನೂ ಕೂರಿಸಿತ್ತು. ಖರ್ಚು ಇಳಿಸಲು ಮರುವರ್ಷ ತಂದ 40 ಜಿಬಿ ಮಾದರಿಯಲ್ಲಿ ಅವನ್ನು ತೆಗೆದುಹಾಕಿತು. 20 ಜಿಬಿಯಲ್ಲಿ ನಡೆಯುತ್ತಿದ್ದ ಪ್ಲೇಸ್ಟೇಷನ್ 2 ಆಟಗಳು 40 ಜಿಬಿಯಲ್ಲಿ ನಡೆಯಲಿಲ್ಲ! ಜಿಬಿ ಮಾತ್ರ ನೋಡಿ ಕೊಳ್ಳಬಾರದೆನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

2013ರ ಪ್ಲೇಸ್ಟೇಷನ್ 4 ಸಾಮಾನ್ಯ ಕಂಪ್ಯೂಟರ್‌ಗಳ ಎಕ್ಸ್86 ಬಗೆಯ ಪ್ರೊಸೆಸರ್‌ಗೆ ಬದಲಾಯಿತು. ಪ್ಲೇಸ್ಟೇಷನ್ 5ರದೂ ಅದೇ ಬಗೆ. ಆದ್ದರಿಂದಲೇ ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳೂ ಅದರಲ್ಲಿ ನಡೆಯುತ್ತವೆ. ಪ್ಲೇಸ್ಟೇಷನ್ 3ರ ಡಿಸ್ಕುಗಳು ನಡೆಯುವುದಿಲ್ಲ.

ಚಿಪ್ ಹೊಂದಿದರೂ ಡಿಸ್ಕ್ ಹಾಕಲು ಜಾಗವಿರಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಹಳೆಯ ಎಕ್ಸ್‌ಬಾಕ್ಸ್ ಆಟಗಳನ್ನು ಬಲ್ಲದು, ಆದರೆ ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ. ಕಪಾಟಿನಲ್ಲಿರುವ ಡಿಸ್ಕುಗಳಿಂದ ಅದಕ್ಕೆ ಉಪಯೋಗವಿಲ್ಲ.

ಇನ್ನು ಸ್ಟೋರೇಜ್. 2020ರ ಪ್ಲೇಸ್ಟೇಷನ್ 5ರ 825 ಜಿಬಿಯಲ್ಲಿ ಬಳಕೆಗೆ ಸಿಗುವುದು ಸುಮಾರು 667 ಜಿಬಿ. ಸೀರೀಸ್ ಎಸ್‌ನ 512 ಜಿಬಿ ಮಾದರಿಯಲ್ಲಿ ಸುಮಾರು 364. ದೊಡ್ಡ ಆಟವೊಂದು 100 ಜಿಬಿ ಕೇಳುವುದುಂಟು. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಫೈಬರ್‌ನಲ್ಲಿ ಅದು ಇಳಿಯಲು ಐದೂವರೆ ಗಂಟೆ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾ ಮಾತ್ರ ಇರುವ ಮನೆಯಲ್ಲಿ 50 ದಿನ! ಜಾಗ ಸಾಲದೆ ಅಳಿಸಿದ ಆಟವನ್ನು ಮತ್ತೆ ಇಳಿಸಿಕೊಳ್ಳಬೇಕಾದಾಗ ಇದೇ ಲೆಕ್ಕ ಮರುಕಳಿಸುತ್ತದೆ. ಡಿಸ್ಕಿದ್ದರೆ ಸಾಮಾನ್ಯವಾಗಿ ಆಟದ ಹೆಚ್ಚಿನ ಭಾಗ ಅದರಿಂದಲೇ ಒಳಗಿಳಿಯುತ್ತದೆ. ಉಳಿದ ಭಾಗಕ್ಕೆ, ಅಪ್‌ಡೇಟ್‌ಗಳಿಗೆ ಇಂಟರ್ನೆಟ್ ಬೇಕು.

ಜಾಗ ಆಮೇಲೆಯೂ ಹೆಚ್ಚಿಸಿಕೊಳ್ಳಬಹುದು. ಪ್ಲೇಸ್ಟೇಷನ್ 4ರ ಆಟಗಳು ಸಾಮಾನ್ಯ ಯುಎಸ್‌ಬಿ ಹಾರ್ಡ್‌ಡಿಸ್ಕಿನಿಂದಲೇ ನಡೆಯುತ್ತವೆ. ಪ್ಲೇಸ್ಟೇಷನ್ 5ರ ಆಟಗಳು ಸೆಕೆಂಡಿಗೆ 5.5 ಜಿಬಿ ಓದುವ ಒಳಗಿನ ವೇಗದ ಸ್ಟೋರೇಜನ್ನು (ಎಸ್‌ಎಸ್‌ಡಿ) ನೆಚ್ಚಿಕೊಂಡಿರುವುದರಿಂದ ಅವಕ್ಕೆ ಕನ್ಸೋಲಿನೊಳಗೆ ಕೂರಿಸುವ ದುಬಾರಿ ಎಂ.2 ಬಗೆಯ ಎಸ್‌ಎಸ್‌ಡಿಯೇ ಆಗಬೇಕು.

ನಿಧಾನಗತಿಯ ಇಂಟರ್ನೆಟ್ ಇರುವ ಊರಿನಲ್ಲಿ, ಹಳೆಯ ಡಿಸ್ಕುಗಳಿರುವ ಮನೆಗೆ ಡ್ರೈವ್ ಇರುವ ಮಾದರಿಯೇ ಸರಿ. 2020ರ ಪ್ಲೇಸ್ಟೇಷನ್ 5 ಡಿಜಿಟಲ್ ಮಾದರಿಗೆ ಡ್ರೈವ್ ಜೋಡಿಸಲಾಗದು. 2023ರಲ್ಲಿ ಬಂದ ಸ್ಲಿಮ್ ಡಿಜಿಟಲ್‌ಗೆ ಬೇರೆಯಾಗಿ ಕೊಂಡು ಜೋಡಿಸಬಹುದು.