ಪದದ ಬೇರು, ಅರ್ಥದ ದಾರಿ

ವಿದ್ಯಾರ್ಥಿದೆಸೆಯಲ್ಲಿ ‘ಆನೋಡ್ ಎಂದರೆ ಧನಧ್ರುವ’ ಎಂದು ನಾವು ಉರುಹೊಡೆದಿದ್ದೆವು. ಪರೀಕ್ಷೆಯಲ್ಲಿ ವಿದ್ಯುತ್ಕೋಶದ ಪ್ರಶ್ನೆ ಬಂದಾಗ ಆ ಕಂಠಪಾಠವೇ ನಮ್ಮನ್ನು ಕೈಬಿಟ್ಟಿತು. ಅಲ್ಲಿ ಋಣಧ್ರುವವಾದ ಸತುವೇ ಆನೋಡ್!

ಪದದ ಬೇರನ್ನು ಅರಿತಿದ್ದರೆ ತಪ್ಪುತ್ತಿರಲಿಲ್ಲ. 1834ರಲ್ಲಿ ಮೈಕೇಲ್ ಫ್ಯಾರಡೆಯವರ ಕೋರಿಕೆಯಂತೆ ವಿದ್ವಾಂಸ ವಿಲಿಯಂ ಹ್ಯೂವೆಲ್ಲರು ಗ್ರೀಕ್ ಮೂಲದಿಂದ ಈ ಆಂಗ್ಲ ಪದಗಳನ್ನು ಸೂಚಿಸಿದರು. ‘ಹೊಡೋಸ್’ ಎಂದರೆ ದಾರಿ. ‘ಅನಾ’ ಎಂದರೆ ಮೇಲಕ್ಕೆ, ‘ಕಟಾ’ ಎಂದರೆ ಕೆಳಕ್ಕೆ. ಪ್ರವಾಹವು ಸೂರ್ಯನಂತೆ ಪೂರ್ವದಿಂದ ಪಶ್ಚಿಮಕ್ಕೆ ಸಾಗುವುದೆಂದು ಫ್ಯಾರಡೆಯವರು ಭಾವಿಸಿಕೊಂಡರು. ಅದು ದ್ರಾವಣವನ್ನು ಹೊಗುವ ಉದಯದ ಕಡೆ ಆನೋಡ್. ಹೊರಬೀಳುವ ಅಸ್ತದ ಕಡೆ ಕ್ಯಾಥೋಡ್. ಕೋಶದೊಳಗೆ ಪ್ರವಾಹವು ದ್ರಾವಣವನ್ನು ಹೊಗುವುದು ಸತುವಿನಿಂದಲೇ ಅಲ್ಲವೆ?

ವಾಚಕರೇ, ಕಠಿನವಾದ ಪದ ಎದುರಾದಾಗ ನಿಘಂಟಿನಲ್ಲಿ ಅರ್ಥದೊಡನೆ ವ್ಯುತ್ಪತ್ತಿಯನ್ನೂ ನೋಡಿರಿ. ಬಾಯಿಪಾಠ ಮರೆತರೂ ಬೇರು ದಾರಿ ತೋರುವುದು.