ಅಟ್ಲಾಂಟಿಕ್ ಕೂಟ: ಕೊಟ್ಟ ಮಾತು, ಇಟ್ಟ ಒತ್ತೆ

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಏಳನೆಯ ಅಧಿಕರಣದಲ್ಲಿ ರಾಜರಾಜರ ನಡುವಣ ಸಂಧಿಯನ್ನು ಕುರಿತು ಸ್ವಾರಸ್ಯವಾದ ಒಂದು ಚರ್ಚೆಯಿದೆ. ಸತ್ಯವಚನದಿಂದಲೋ ಶಪಥದಿಂದಲೋ ಆದ ಸಂಧಿ ಚಂಚಲವಾದುದು, ಜಾಮೀನನ್ನೋ ಒತ್ತೆಯಾಳನ್ನೋ ಪಡೆದು ಮಾಡಿದ ಸಂಧಿಯೇ ಸ್ಥಿರವಾದುದು ಎಂದು ಪೂರ್ವಾಚಾರ್ಯರ ಮತ. ಕೌಟಿಲ್ಯ ಇದನ್ನು ಒಪ್ಪುವುದಿಲ್ಲ. ಕೊಟ್ಟ ಮಾತು ಇಹಪರಗಳೆರಡರಲ್ಲೂ ಕಟ್ಟುತ್ತದೆ. ಒತ್ತೆ ಇಹಕ್ಕೆ ಮಾತ್ರ ಸಲ್ಲುವುದು, ಅದೂ ಬಲವನ್ನು ನೆಚ್ಚಿದ್ದು ಎನ್ನುತ್ತಾನೆ. ಕುಟಿಲನೀತಿಗೆ ಹೆಸರಾದವನು ಹೀಗೆ ಹೇಳಬಹುದೆ ಎಂದು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು.

ಅಟ್ಲಾಂಟಿಕ್ ಸಾಗರದ ಎರಡು ದಡಗಳನ್ನು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಬಿಗಿದಿರುವ ನೇಟೊ ಕೂಟದ ಅಳಿವು ಉಳಿವುಗಳ ಮಾತು ಕೇಳಿಬರುತ್ತಿರುವಾಗ ಈ ಹಳೆಯ ವಾದ ಮತ್ತೆ ನೆನಪಾಗುತ್ತದೆ. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ರಾಷ್ಟ್ರಗಳು ರುಜು ಹಾಕಿದ ಆ ಒಡಂಬಡಿಕೆ ಹದಿನಾಲ್ಕೇ ವಿಧಿಗಳ ಪುಟ್ಟ ಬರೆಹ. ಒಬ್ಬರ ಮೇಲಿನ ಆಕ್ರಮಣ ಎಲ್ಲರ ಮೇಲೂ ನಡೆದಂತೆ ಎಂಬ ಐದನೆಯ ವಿಧಿಯ ಪೂರ್ವಾರ್ಧವನ್ನು ಎಲ್ಲರೂ ಬಲ್ಲರು. ಉತ್ತರಾರ್ಧವನ್ನು ಓದುವವರು ಕಡಮೆ. ಹಾಗೆ ಆಕ್ರಮಣವಾದಾಗ ಪ್ರತಿಯೊಂದು ರಾಷ್ಟ್ರವೂ ಮಾಡಬೇಕಾದುದೇನು? ಅಗತ್ಯವೆಂದು ತನಗೆ ತೋರಿದ ಕ್ರಮವನ್ನು ಕೈಗೊಳ್ಳಬೇಕು. ಶಸ್ತ್ರಪ್ರಯೋಗವೂ ಅದರಲ್ಲಿ ಸೇರಬಹುದು. ಭಾಷೆಯ ಪಾಠ ಹೇಳಿ ಬದುಕುವ ನನ್ನಂಥವನಿಗೆ ಆ ‘ತನಗೆ ತೋರಿದ’ ಎಂಬುದರ ಮೇಲೆಯೇ ಕಣ್ಣು. ಒಂದು ವರ್ಷ ಹಿಂದೆ, 1948ರಲ್ಲಿ, ಬ್ರಿಟನ್, ಫ್ರಾನ್ಸ್ ಮತ್ತು ಮೂರು ಚಿಕ್ಕ ನೆರೆನಾಡುಗಳು ಬ್ರಸೆಲ್ಸಿನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಈ ಸಡಿಲಿಕೆ ಇರಲಿಲ್ಲ; ತಮ್ಮ ಶಕ್ತಿಗೆ ಒಳಪಟ್ಟ ಎಲ್ಲ ಸೈನಿಕ ನೆರವನ್ನೂ ನೀಡುವುದಾಗಿ ಅವು ಮಾತು ಕೊಟ್ಟಿದ್ದವು. ಅಮೆರಿಕ ಬಂದು ಕುಳಿತೊಡನೆ ಮಾತು ಮೆದುವಾಯಿತು.

ಅದಕ್ಕೆ ಕಾರಣವೂ ಉಂಟು. ಯುದ್ಧ ಸಾರುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಅಲ್ಲಿನ ಕಾಂಗ್ರೆಸ್ಸಿಗೆ ಕೊಟ್ಟಿದೆ. ಮೇಲಾಗಿ, 1778ರಲ್ಲಿ ಫ್ರಾನ್ಸಿನೊಡನೆ ಮಾಡಿಕೊಂಡ ಸಖ್ಯದಿಂದಲೇ ಸ್ವಾತಂತ್ರ್ಯ ಪಡೆದ ಆ ದೇಶ 1800ರಲ್ಲಿ ಅದನ್ನು ಕಳಚಿಕೊಂಡಿತ್ತು. ಶಾಶ್ವತ ಸಖ್ಯಗಳಿಂದ ದೂರವಿರಿ ಎಂದು 1796ರಲ್ಲಿ ಜಾರ್ಜ್ ವಾಷಿಂಗ್ಟನ್ ಬುದ್ಧಿ ಹೇಳಿ ಹೋದದ್ದು ಅಲ್ಲಿಯವರಿಗೆ ಬಹುಕಾಲ ಪಿತೃವಾಕ್ಯದಂತೆ ಇತ್ತು.

ಮಾತು ಸಡಿಲವಾದಾಗ ಒತ್ತೆ ಬೇಕಾಗುತ್ತದೆ. 1951ರಲ್ಲಿ ಜನರಲ್ ಐಸೆನ್‌ಹೋವರ್ ಕೂಟದ ಮೊದಲ ಮಹಾದಂಡನಾಯಕರಾಗಿ ಯೂರೋಪಿಗೆ ಬಂದರು. ಹಿಂದೆಯೇ ಅಮೆರಿಕದ ಹೊಸ ಪಡೆಗಳು ಬಂದವು. ಶೀತಲ ಸಮರದ ಬಿಸಿ ಏರಿದ್ದಾಗ ಯೂರೋಪಿನಲ್ಲಿ ಮೂರು ಲಕ್ಷಕ್ಕೂ ಮೀರಿ ಅಮೆರಿಕದ ಸೈನಿಕರು ಇದ್ದರು. ಬರ್ಲಿನ್ನಿನಲ್ಲಿದ್ದ ಕೆಲವು ಸಾವಿರ ಮಂದಿ ಸೋವಿಯತ್ ಸೇನೆಯನ್ನು ತಡೆದು ನಿಲ್ಲಿಸುವರೆಂದು ಯಾರೂ ನಂಬಿರಲಿಲ್ಲ. ಅವರು ಅಲ್ಲಿ ಇದ್ದುದು, ಶತ್ರು ಬಂದರೆ ಮೊದಲು ಸಾಯುವವರಲ್ಲಿ ಅಮೆರಿಕದ ಮಕ್ಕಳೂ ಇರಲಿ, ಆಗ ವಾಷಿಂಗ್ಟನ್ ಸುಮ್ಮನೆ ಕೂರಲಾರದು ಎಂಬ ಲೆಕ್ಕದಿಂದ. ಇದಕ್ಕೆ ಕೌಟಿಲ್ಯನ ಪೂರ್ವಾಚಾರ್ಯರು ಇಟ್ಟ ಹೆಸರು ಪ್ರತಿಗ್ರಹ. ಫ್ರಾನ್ಸಿನ ದ ಗಾಲ್‌ಗೆ ಇಷ್ಟೂ ಸಾಲಲಿಲ್ಲ. ಪ್ಯಾರಿಸಿಗಾಗಿ ನ್ಯೂಯಾರ್ಕನ್ನು ಕಳೆದುಕೊಳ್ಳಲು ಅಮೆರಿಕ ಸಿದ್ಧವೆ ಎಂಬುದು ಅವರ ಪ್ರಶ್ನೆ. 1960ರಲ್ಲಿ ತಮ್ಮದೇ ಅಣುಬಾಂಬನ್ನು ಪರೀಕ್ಷಿಸಿ, 1966ರಲ್ಲಿ ಕೂಟದ ಸೈನಿಕ ವ್ಯವಸ್ಥೆಯಿಂದ ದೇಶವನ್ನು ಹೊರತಂದರು. ಫ್ರಾನ್ಸ್ ಅದಕ್ಕೆ ಮರಳಿದ್ದು 2009ರಲ್ಲಿ.

ಈ ಕೂಟದ ಮಾತಿನ ಬೆಲೆ ಎಷ್ಟೆಂಬುದು ಒಮ್ಮೆ ನಮ್ಮ ಕಡಲಂಚಿನಲ್ಲಿಯೇ ಪರೀಕ್ಷೆಗೆ ಬಂದಿತ್ತೆಂಬುದನ್ನು ಇಂದಿನ ತರುಣರು ಅರಿಯರು. ಪೋರ್ಚುಗಲ್ ಕೂಟದ ಸ್ಥಾಪಕ ಸದಸ್ಯ. ಅದರ ಅಜೋರ್ಸ್ ದ್ವೀಪಗಳ ವಿಮಾನ ನೆಲೆ ಅಮೆರಿಕಕ್ಕೆ ಬೇಕಾಗಿತ್ತು. ಆ ದಾಕ್ಷಿಣ್ಯದಲ್ಲಿ 1955ರ ಡಿಸೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಡಲ್ಲೆಸ್, ಪೋರ್ಚುಗಲ್ಲಿನ ಸಚಿವರೊಡನೆ ಹೊರಡಿಸಿದ ಹೇಳಿಕೆಯಲ್ಲಿ ಗೋವೆಯಂಥ ವಸಾಹತುಗಳನ್ನು ಆ ದೇಶದ ‘ಪ್ರಾಂತಗಳು’ ಎಂದು ಕರೆದರು. ಭಾರತದಲ್ಲಿ ಕೋಪ ಭುಗಿಲೆದ್ದಿತು. ಆದರೆ ಒಡಂಬಡಿಕೆಯ ಆರನೆಯ ವಿಧಿ ಕೂಟದ ಎಲ್ಲೆಯನ್ನು ಗೆರೆ ಎಳೆದು ಹೇಳಿತ್ತು: ಯೂರೋಪು, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್ಕಿನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಮೇಲಿನ ದ್ವೀಪಗಳು. ಗೋವೆ ಆ ಗೆರೆಯ ಒಳಗೆ ಎಲ್ಲಿ ಬರಬೇಕು? 1961ರ ಡಿಸೆಂಬರ್ 18ರಂದು ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪಕ್ಕೆ ನಮ್ಮ ನೌಕಾಪಡೆಯವರು ಇಳಿದರು. ‘ತ್ರಿಶೂಲ್’ ನೌಕೆಯೊಂದಿಗೆ ಅಲ್ಲಿ ನಿಂತಿದ್ದ ಇನ್ನೊಂದರ ಹೆಸರು ‘ಮೈಸೂರು’. ಆ ದ್ವೀಪದಲ್ಲಿ ನಮ್ಮ ಏಳು ಮಂದಿ ನಾವಿಕರು ಮಡಿದರು. ಮರುದಿನ ಗೋವೆ ಬಿಡುಗಡೆಯಾಯಿತು. ವಿಶ್ವಸಂಸ್ಥೆಯಲ್ಲಿ ಪಶ್ಚಿಮದವರು ಭಾರತವನ್ನು ಖಂಡಿಸಿದರು, ಸೋವಿಯತ್ ದೇಶ ವೀಟೊ ಚಲಾಯಿಸಿತು. ಪೋರ್ಚುಗಲ್ಲಿನ ಪರವಾಗಿ ಕೂಟದ ಒಂದು ಹಡಗೂ ಬರಲಿಲ್ಲ. ದಾಕ್ಷಿಣ್ಯದ ಹೇಳಿಕೆಗೂ ಒಡಂಬಡಿಕೆಯ ಅಕ್ಷರಕ್ಕೂ ಇರುವ ಅಂತರವನ್ನು ಸಲಜಾರ್ ಅಂದು ಕಂಡುಕೊಂಡಿರಬೇಕು.

ವಿಧಿಯ ಆಟ ನೋಡಿ: ಐದನೆಯ ವಿಧಿ ಇದುವರೆಗೆ ಜಾರಿಗೆ ಬಂದದ್ದು ಒಂದೇ ಸಲ, ಅದೂ ಅಮೆರಿಕಕ್ಕಾಗಿ. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮರುದಿನ, 2001ರ ಸೆಪ್ಟೆಂಬರ್ 12ರಂದು, ಮಿತ್ರರು ಅದನ್ನು ಎತ್ತಿ ಹಿಡಿದರು. ಯಾರನ್ನು ಕಾಯಲೆಂದು ಅಮೆರಿಕ ಸಾಗರ ದಾಟಿತ್ತೋ ಅವರೇ ಬಂದು ಅಮೆರಿಕದ ಆಕಾಶವನ್ನು ತಿಂಗಳುಗಟ್ಟಲೆ ಕಾದರು. ಪುಟ್ಟ ಡೆನ್ಮಾರ್ಕ್ ಅಫ್ಘಾನಿಸ್ಥಾನದಲ್ಲಿ ನಲವತ್ತಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ತನಗೆ ಅಗತ್ಯವೆಂದು ತೋರಿದುದು ಇಷ್ಟೇ ಎಂದು ಒಂದು ಸಂತಾಪಪತ್ರ ಕಳುಹಿಸಿ ಕೈತೊಳೆದುಕೊಳ್ಳಲು ಆ ದೇಶಕ್ಕೆ ಅಡ್ಡಿಯಿರಲಿಲ್ಲ. ಅದೇ ಡೆನ್ಮಾರ್ಕಿನ ಆಳ್ವಿಕೆಗೆ ಸೇರಿದ ಗ್ರೀನ್‌ಲೆಂಡನ್ನು ಪಡೆಯಲು ಸೈನ್ಯಬಲ ಬಳಸುವುದಿಲ್ಲವೆಂಬ ಭರವಸೆ ನೀಡಲು 2025ರ ಜನವರಿಯಲ್ಲಿ ಟ್ರಂಪ್ ನಿರಾಕರಿಸಿದಾಗ ಕೋಪನ್‌ಹೇಗನ್ನಿನ ಜನಕ್ಕೆ ಏನೆನಿಸಿತೋ! ಒಡಂಬಡಿಕೆಯ ಒಂದಕ್ಷರವೂ ಬದಲಾಗಿರಲಿಲ್ಲ.

ಈ ಬಿರುಕಿಗೆ ಹಣದ ಗಾರೆ ಮೆತ್ತುವ ಯತ್ನ ನಡೆದಿದೆ. ರಾಷ್ಟ್ರೀಯ ಉತ್ಪನ್ನದ ಶೇಕಡ 2ರಷ್ಟನ್ನು ರಕ್ಷಣೆಗೆ ತೆಗೆದಿಡಬೇಕೆಂದು 2014ರಲ್ಲಿ ಆದ ನಿಶ್ಚಯ 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ಶೇಕಡ 5ಕ್ಕೆ ಏರಿತು; ಗಡುವು 2035. ಯೂರೋಪು ಬಹುಕಾಲ ಅಗ್ಗದಲ್ಲಿ ಕಾವಲು ಪಡೆಯಿತೆಂಬ ಅಮೆರಿಕದ ದೂರು ಸುಳ್ಳಲ್ಲ. ಆದರೆ ನಂಬಿಕೆಗೆ ಕಂದಾಯ ಕಟ್ಟಿ ರಸೀತಿ ಪಡೆಯಲು ಬರುವುದೆ? ಸೆನೆಟ್ಟಿನ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆಯೋ ಕಾಂಗ್ರೆಸ್ಸಿನ ಶಾಸನವೋ ಇಲ್ಲದೆ ಅಧ್ಯಕ್ಷರು ಕೂಟವನ್ನು ಬಿಡುವಂತಿಲ್ಲವೆಂದು 2023ರಲ್ಲಿ ಅಮೆರಿಕದಲ್ಲಿ ಕಾನೂನಾಯಿತು. ಬಿಡದಂತೆ ಕಟ್ಟಿಹಾಕಬಹುದು, ‘ತನಗೆ ತೋರಿದ’ ಎಂಬುದನ್ನು ಕಟ್ಟಿಹಾಕುವ ಕಾನೂನು ಯಾವುದು?

ಹೀಗಿದ್ದೂ ಹೊರಗಿನವರು ಒಳಗೆ ಬರುತ್ತಿದ್ದಾರೆ. ರಷ್ಯ 2022ರಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದುದನ್ನು ಕಂಡು ಫಿನ್‌ಲೆಂಡ್ 2023ರಲ್ಲಿಯೂ ಸ್ವೀಡನ್ 2024ರಲ್ಲಿಯೂ ಸೇರಿ ಸದಸ್ಯರ ಸಂಖ್ಯೆ 32 ಆಯಿತು. ಬ್ರಿಟನ್ನೂ ಫ್ರಾನ್ಸೂ ತಮ್ಮ ಅಣ್ವಸ್ತ್ರಗಳ ವಿಷಯದಲ್ಲಿ ಕೂಡಿ ನಡೆಯುವುದಾಗಿ 2025ರ ಜುಲೈಯಲ್ಲಿ ಸಾರಿದವು. ದ ಗಾಲ್ ಕೇಳಿದ್ದ ಪ್ರಶ್ನೆಗೆ ಈಗ ಯೂರೋಪೇ ಉತ್ತರ ಹುಡುಕುತ್ತಿದೆ.

ಮುಂದಿನ ದಾರಿಯ ಸುಳಿವು ನನಗೆ ಕಾಣುವುದು ಲಿಥುವೇನಿಯದಲ್ಲಿ. 2025ರ ಮೇ ತಿಂಗಳಲ್ಲಿ ವಿಲ್ನಿಯಸ್ ನಗರದ ದೊಡ್ಡ ಇಗರ್ಜಿಯ ಮುಂದಣ ಚೌಕದಲ್ಲಿ ಜರ್ಮನ್ ಸೇನೆಯ ಒಂದು ಬ್ರಿಗೇಡಿನ ವಿಧ್ಯುಕ್ತ ಉದ್ಘಾಟನೆ ನಡೆಯಿತು. ಎರಡನೆಯ ಮಹಾಯುದ್ಧದ ತರುವಾಯ ಹೊರದೇಶವೊಂದರಲ್ಲಿ ಕಾಯಮ್ಮಾಗಿ ನೆಲಸಲು ಹೊರಟ ಜರ್ಮನಿಯ ಮೊದಲ ದಂಡು ಇದು. 2027ರ ಹೊತ್ತಿಗೆ ಸುಮಾರು 5,000 ಮಂದಿ ಆಗಬೇಕು. 1941ರ ಬೇಸಗೆಯಲ್ಲಿ ಜರ್ಮನ್ ಸೇನೆ ಇದೇ ಊರನ್ನು ಆಕ್ರಮಿಸಿತ್ತು. ಈ ಸಲ ಊರಿನವರೇ ಕರೆದಿದ್ದಾರೆ. ಬರುವವರು ಹೆಂಡತಿ ಮಕ್ಕಳನ್ನೂ ಕರೆತಂದು ಇಲ್ಲೇ ಸಂಸಾರ ಹೂಡಬಹುದೆಂದು ಮನೆಗಳ, ಶಾಲೆಗಳ ಏರ್ಪಾಡು ನಡೆದಿದೆ.